ಎಂದೂ ನಡೆಯಲಾರದ ಪಂದ್ಯದ ಲೆಕ್ಕ

ನ್ಯೂಯಾರ್ಕ್ ಯಾಂಕೀಸ್ ಬೇಸ್‌ಬಾಲ್ ತಂಡ 1927ರಲ್ಲಿ 110 ಪಂದ್ಯಗಳನ್ನು ಗೆದ್ದು 44ರಲ್ಲಿ ಸೋತಿತು. ಅದೇ ತಂಡ 1998ರಲ್ಲಿ 114 ಪಂದ್ಯಗಳನ್ನು ಗೆದ್ದು 48ರಲ್ಲಿ ಸೋತಿತು. ಎರಡೂ ವರ್ಷ ವರ್ಲ್ಡ್ ಸೀರೀಸ್‌ನಲ್ಲಿ ಎದುರಾಳಿಗೆ ಒಂದು ಪಂದ್ಯವನ್ನೂ ಬಿಟ್ಟುಕೊಡದೆ ನಾಲ್ಕಕ್ಕೆ ನಾಲ್ಕನ್ನೂ ಗೆದ್ದು ಪ್ರಶಸ್ತಿ ಪಡೆಯಿತು. ಮೊದಲಿನ ತಂಡದಲ್ಲಿ ಬೇಬ್ ರೂತ್ ಮತ್ತು ಲೂ ಗೆಹ್ರಿಗ್ ಇದ್ದರು; ಎರಡನೆಯದರಲ್ಲಿ ಡೆರೆಕ್ ಜೀಟರ್, ಬರ್ನಿ ವಿಲಿಯಮ್ಸ್, ಮರಿಯಾನೊ ರಿವೆರಾ ಇದ್ದರು. ರೂತ್ ತೀರಿಕೊಂಡದ್ದು 1948ರಲ್ಲಿ, ರಿವೆರಾ ಹುಟ್ಟಿದ್ದು 1969ರಲ್ಲಿ. ಹೀಗಿದ್ದರೂ ರೂತ್ ಬ್ಯಾಟಿಗೆ ರಿವೆರಾ ಚೆಂಡೆಸೆದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ಬೇಸ್‌ಬಾಲ್ ಪ್ರಿಯರು ಬಿಟ್ಟುಕೊಟ್ಟಿಲ್ಲ. ಉತ್ತರ ಕೊಡುತ್ತೇವೆ ಎನ್ನುವ ಕಂಪ್ಯೂಟರ್ ತಂತ್ರಾಂಶಗಳಿಗೂ ಕೊರತೆಯಿಲ್ಲ. ಆ ತಂತ್ರಾಂಶಗಳು ನಿಜವಾಗಿ ಏನನ್ನು ಲೆಕ್ಕ ಹಾಕುತ್ತವೆ, ಏನನ್ನು ಲೆಕ್ಕ ಹಾಕದೆ ಸುಮ್ಮನೆ ಊಹಿಸಿಕೊಳ್ಳುತ್ತವೆ ಎಂಬುದು ಈ ಲೇಖನದ ವಿಷಯ.

ಇಂಥ ಪಂದ್ಯಗಳು ಶುರುವಾದದ್ದು ಕಂಪ್ಯೂಟರಿಗೂ ಮೊದಲು. ಮಾಜಿ ಆಟಗಾರ ಈಥನ್ ಅಲೆನ್ 1941ರಲ್ಲಿ ಹೊರತಂದ ಮೇಜಿನ ಆಟದಲ್ಲಿ ಪ್ರತಿ ಬ್ಯಾಟರ್‌ಗೆ ಒಂದು ದುಂಡು ರಟ್ಟಿನ ಬಿಲ್ಲೆ ಇತ್ತು. ಬಿಲ್ಲೆಯ ಮೇಲಿನ ಭಾಗಗಳ ಅಗಲ ಆ ಆಟಗಾರನ ಅಂಕಿಅಂಶಗಳಿಗೆ ತಕ್ಕ ಹಾಗೆ ಇರುತ್ತಿತ್ತು; ಮುಳ್ಳನ್ನು ತಿರುಗಿಸಿದಾಗ ಅದು ಯಾವ ಭಾಗದಲ್ಲಿ ನಿಲ್ಲುತ್ತದೋ ಅದೇ ಫಲಿತಾಂಶ. ನಮ್ಮಲ್ಲಿ ಶಾಲೆಯ ಹಿಂದಿನ ಬೆಂಚಿನಲ್ಲಿ ಪಠ್ಯಪುಸ್ತಕದ ಪುಟ ತೆರೆದು ಕೊನೆಯ ಅಂಕಿಯನ್ನು ರನ್ ಎಂದು ಬರೆದುಕೊಳ್ಳುತ್ತಿದ್ದ ಬುಕ್ ಕ್ರಿಕೆಟ್ಟಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಬುಕ್ ಕ್ರಿಕೆಟ್‌ನಲ್ಲಿ ಗಾವಸ್ಕರ್‌ಗೂ ಹನ್ನೊಂದನೆಯ ಆಟಗಾರನಿಗೂ ಪುಸ್ತಕ ಒಂದೇ, ಅಲೆನ್ ಆಟದಲ್ಲಿ ಪ್ರತಿಯೊಬ್ಬನಿಗೂ ಅವನದೇ ಪುಸ್ತಕ. ಆದರೆ ಅಲ್ಲಿ ಚೆಂಡೆಸೆಯುವ ಪಿಚರ್‌ಗೆ ಪಾತ್ರವಿರಲಿಲ್ಲ. ಹ್ಯಾಲ್ ರಿಚ್‌ಮನ್ 1961ರಲ್ಲಿ ಮಾರುಕಟ್ಟೆಗೆ ತಂದ ಸ್ಟ್ರಾಟ್-ಒ-ಮ್ಯಾಟಿಕ್ ಆ ಕೊರತೆಯನ್ನು ತುಂಬಿತು. ಮೊದಲ ದಾಳದಲ್ಲಿ ಒಂದರಿಂದ ಮೂರು ಬಿದ್ದರೆ ಬ್ಯಾಟರ್‌ನ ಕಾರ್ಡನ್ನೂ, ನಾಲ್ಕರಿಂದ ಆರು ಬಿದ್ದರೆ ಪಿಚರ್‌ನ ಕಾರ್ಡನ್ನೂ ನೋಡಬೇಕು. ಫಲಿತಾಂಶದಲ್ಲಿ ಇಬ್ಬರಿಗೂ ಸಮಪಾಲು ಎಂಬ ಈ ಸರಳ ಊಹೆ ಬಹುಕಾಲ ಬಾಳಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಐಬಿಎಂನ ಉದ್ಯೋಗಿ ಜಾನ್ ಬರ್ಜಸನ್, ಐಬಿಎಂ 1620 ಯಂತ್ರದ ಮೇಲೆ ಹಳೆಯ ಆಟಗಾರರ ತಂಡಗಳನ್ನು ಕಟ್ಟಿ ಪಂದ್ಯವಾಡಿಸುವ ಕಾರ್ಯಕ್ರಮ ಬರೆದರು.

ಬೇಸ್‌ಬಾಲ್ ಇಂಥ ಅನುಕರಣೆಗೆ ಹೇಳಿ ಮಾಡಿಸಿದ ಆಟ. ಫುಟ್‌ಬಾಲ್‌ನಲ್ಲಿ ಇಪ್ಪತ್ತೆರಡು ಜನ ಒಂದೇ ಸಮನೆ ಓಡಾಡುತ್ತಿರುತ್ತಾರೆ. ಬೇಸ್‌ಬಾಲ್‌ನಲ್ಲಿ ಒಬ್ಬ ಎಸೆಯುತ್ತಾನೆ, ಒಬ್ಬ ಹೊಡೆಯುತ್ತಾನೆ, ಆಮೇಲೆ ಎಲ್ಲವೂ ನಿಲ್ಲುತ್ತದೆ. ಹೀಗೆ ನಿಂತಾಗ ಆಟದ ಸ್ಥಿತಿಯನ್ನು ಎರಡೇ ಸಂಗತಿಗಳಿಂದ ಹೇಳಬಹುದು: ಮೂರು ಬೇಸ್‌ಗಳಲ್ಲಿ ಎಲ್ಲೆಲ್ಲಿ ಓಟಗಾರರಿದ್ದಾರೆ, ಎಷ್ಟು ಮಂದಿ ಔಟಾಗಿದ್ದಾರೆ. ಓಟಗಾರರು ನಿಲ್ಲುವ ವಿಧ ಎಂಟು, ಔಟ್‌ಗಳ ಸಂಖ್ಯೆ ಸೊನ್ನೆ, ಒಂದು ಅಥವಾ ಎರಡು. ಒಟ್ಟು 24 ಸ್ಥಿತಿಗಳು. ಮೂರನೆಯ ಔಟ್‌ಗೆ ಆ ತಂಡದ ಸರದಿ ಮುಗಿಯಿತು. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಜಿಗಿಯುವ ಸಂಭವನೀಯತೆ ಮಾತ್ರ ಗೊತ್ತಿದ್ದರೆ ಸಾಕು, ಹಿಂದಿನ ಇತಿಹಾಸ ಬೇಡ ಎನ್ನುವ ಈ ಬಗೆಯ ವ್ಯವಸ್ಥೆಯನ್ನು ಗಣಿತಜ್ಞರು ಮಾರ್ಕೋವ್ ಸರಪಳಿ ಎನ್ನುತ್ತಾರೆ. ಕಂಪ್ಯೂಟರ್ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಎತ್ತಿ ಈ ಜಿಗಿತವನ್ನು ತೀರ್ಮಾನಿಸುತ್ತದೆ, ಮತ್ತೆ ಎತ್ತುತ್ತದೆ, ಒಂಬತ್ತು ಇನಿಂಗ್ಸ್ ಮುಗಿಸುತ್ತದೆ; ಹಾಗೆ ಹತ್ತು ಸಾವಿರ ಸಲ. 1940ರ ದಶಕದಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಗಣಿತಜ್ಞ ಸ್ಟಾನಿಸ್ಲಾವ್ ಉಲಾಮ್ ರೂಪಿಸಿದ ಮಾಂಟೆ ಕಾರ್ಲೊ ವಿಧಾನವೇ ಇದು. ಅದರ ಮೂಲ ಹೊಳಹು ಉಲಾಮ್‌ಗೆ ಸಿಕ್ಕಿದ್ದು ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಾ ಒಬ್ಬರೇ ಇಸ್ಪೀಟು ಆಡುತ್ತಿದ್ದಾಗ ಎಂಬುದನ್ನು ನೆನೆದರೆ, ಆ ವಿಧಾನ ಮತ್ತೆ ಆಟದಂಗಳಕ್ಕೆ ಬಂದದ್ದರಲ್ಲಿ ಒಂದು ಔಚಿತ್ಯವೂ ಕಾಣುತ್ತದೆ.

ಹತ್ತು ಸಾವಿರ ಸಲ ಆಡಿಸಿದರೆ ಉತ್ತರದಲ್ಲಿ ಯಾದೃಚ್ಛಿಕತೆಯಿಂದ ಆಗುವ ತಪ್ಪು ಶೇಕಡಾ ಒಂದರ ಒಳಗೇ ಉಳಿಯುತ್ತದೆ. ಓದುಗರು ಮೋಸಹೋಗುವುದು ಇಲ್ಲಿಯೇ. ದಶಮಾಂಶದವರೆಗೆ ನಿಖರವಾಗಿ ಕಾಣುವ ಆ ಉತ್ತರ, ಒಳಗೆ ಹಾಕಿದ ಸಂಭವನೀಯತೆಗಳಷ್ಟೇ ಸರಿಯಾಗಿರುತ್ತದೆ.

ಅತಿ ಸರಳವಾದ ಲೆಕ್ಕವನ್ನು ಮೊದಲು ಮಾಡಿ ನೋಡೋಣ. ಬೇಸ್‌ಬಾಲ್ ಅಂಕಿಅಂಶಗಳ ಅಧ್ಯಯನಕ್ಕೆ ಹೊಸ ದಾರಿ ತೋರಿದ ಬಿಲ್ ಜೇಮ್ಸ್ 1981ರಲ್ಲಿ ಲಾಗ್5 ಎಂಬ ಸೂತ್ರವನ್ನು ಮುಂದಿಟ್ಟರು. ಮೊದಲ ತಂಡ ಗೆಲ್ಲುವ ಪ್ರಮಾಣವನ್ನು ಎರಡನೆಯದು ಸೋಲುವ ಪ್ರಮಾಣದಿಂದ ಗುಣಿಸಬೇಕು. ಎರಡನೆಯದು ಗೆಲ್ಲುವ ಪ್ರಮಾಣವನ್ನು ಮೊದಲನೆಯದು ಸೋಲುವ ಪ್ರಮಾಣದಿಂದ ಗುಣಿಸಬೇಕು. ಈ ಎರಡು ಗುಣಲಬ್ಧಗಳ ಮೊತ್ತದಲ್ಲಿ ಮೊದಲನೆಯದರ ಪಾಲು ಎಷ್ಟೋ ಅಷ್ಟು ಮೊದಲ ತಂಡದ ಗೆಲುವಿನ ಸಂಭವ. 1927ರ ಯಾಂಕೀಸ್ ಗೆಲುವಿನ ಪ್ರಮಾಣ 0.714, 1998ರದು 0.704. ಸೂತ್ರದ ಪ್ರಕಾರ ಒಂದು ಪಂದ್ಯದಲ್ಲಿ ಹಳೆಯ ತಂಡ ಗೆಲ್ಲುವ ಸಂಭವ ಶೇಕಡಾ 51.3, ಏಳು ಪಂದ್ಯಗಳ ಸರಣಿಯಲ್ಲಿ ಶೇಕಡಾ 53ರ ಹತ್ತಿರ. ಅಂದರೆ ಚಿಮ್ಮಿದ ನಾಣ್ಯಕ್ಕಿಂತ ಸ್ವಲ್ಪ ವಾಸಿ.

ಗೆಲುವು ಸೋಲುಗಳಲ್ಲಿ ಅದೃಷ್ಟದ ಪಾಲು ದೊಡ್ಡದು ಎಂಬ ಕಾರಣಕ್ಕೆ ಅನುಭವಿಗಳು ಗಳಿಸಿದ ಮತ್ತು ಬಿಟ್ಟುಕೊಟ್ಟ ರನ್‌ಗಳನ್ನು ನೋಡುತ್ತಾರೆ. 1927ರ ತಂಡ 975 ರನ್ ಗಳಿಸಿ 599 ಬಿಟ್ಟುಕೊಟ್ಟಿತು. 1998ರದು 965 ಗಳಿಸಿ 656 ಬಿಟ್ಟುಕೊಟ್ಟಿತು. ಎರಡೂ ಸಂಖ್ಯೆಗಳ ವರ್ಗ ಮಾಡಿ ಗೆಲುವಿನ ಪ್ರಮಾಣವನ್ನು ಅಂದಾಜಿಸುವ, ಜೇಮ್ಸ್ ಅವರದೇ ಇನ್ನೊಂದು ಸೂತ್ರದಂತೆ ಈ ಪ್ರಮಾಣಗಳು 0.726 ಮತ್ತು 0.684 ಆಗುತ್ತವೆ. ಈಗ ಹಳೆಯ ತಂಡ ಸರಣಿ ಗೆಲ್ಲುವ ಸಂಭವ ಶೇಕಡಾ 61ರ ಆಸುಪಾಸಿಗೆ ಏರುತ್ತದೆ. ಹಾಗಿದ್ದರೆ ರೂತ್ ಬಳಗವೇ ಶ್ರೇಷ್ಠ ಎಂದು ಷರಾ ಬರೆಯಬಹುದೇ? ಆಗದು. ಈ ಲೆಕ್ಕ ಒಂದು ಸಂಗತಿಯನ್ನು ಸದ್ದಿಲ್ಲದೆ ಒಪ್ಪಿಕೊಂಡಿದೆ: 1927ರ ಸಾಧಾರಣ ತಂಡವೂ 1998ರ ಸಾಧಾರಣ ತಂಡವೂ ಸಮಬಲದವು ಎಂಬುದನ್ನು. ಪ್ರತಿ ವರ್ಷವೂ ಎಲ್ಲ ತಂಡಗಳ ಒಟ್ಟು ಗೆಲುವುಗಳು ಒಟ್ಟು ಸೋಲುಗಳಿಗೆ ಸಮನಾಗಿರಲೇಬೇಕಾದ್ದರಿಂದ, ಗೆಲುವಿನ ಪಟ್ಟಿಯನ್ನು ಎಷ್ಟು ದಿಟ್ಟಿಸಿದರೂ ಲೀಗ್ ಮೇಲೇರಿದೆಯೋ ಕೆಳಗಿಳಿದಿದೆಯೋ ತಿಳಿಯುವುದಿಲ್ಲ. ಊರಿನ ಮನೆಗಳ ಎತ್ತರವನ್ನೆಲ್ಲ ಅಳೆದಿದ್ದೇವೆ, ಊರು ನಿಂತಿರುವುದು ಗುಡ್ಡದ ಮೇಲೋ ಕಣಿವೆಯಲ್ಲೋ ಗೊತ್ತಿಲ್ಲ ಎಂಬಂಥ ಪರಿಸ್ಥಿತಿ ಇದು.

ತಂಡದ ಮಟ್ಟ ಬಿಟ್ಟು ಆಟಗಾರನ ಮಟ್ಟಕ್ಕೆ ಬಂದರೆ ತೊಡಕು ಇನ್ನಷ್ಟು ಸ್ವಾರಸ್ಯಕರವಾಗುತ್ತದೆ. 1927ರಲ್ಲಿ ರೂತ್ ಸುಮಾರು 690 ಸರದಿ ಬ್ಯಾಟ್ ಹಿಡಿದು 60 ಹೋಮ್ ರನ್ ಹೊಡೆದರು. ಚೆಂಡು ಬೇಲಿಯಾಚೆ ಹೋಗುವುದೇ ಹೋಮ್ ರನ್. ಯಾಂಕೀಸ್ ಆಡುವ ಅಮೆರಿಕನ್ ಲೀಗ್‌ನ ಎಂಟೂ ತಂಡಗಳು ಸೇರಿ ಆ ವರ್ಷ ಹೊಡೆದದ್ದು 439. ಯಾಂಕೀಸ್ ಬಿಟ್ಟರೆ ಅತಿ ಹೆಚ್ಚು ಹೊಡೆದ ಫಿಲಡೆಲ್ಫಿಯಾ ತಂಡದ ಇಡೀ ವರ್ಷದ ಮೊತ್ತ 56, ಎಂದರೆ ರೂತ್ ಒಬ್ಬರಿಗಿಂತ ಕಡಿಮೆ. ನೂರು ಸರದಿಗೆ ಲೀಗ್‌ನ ಸರಾಸರಿ ಒಂದಕ್ಕಿಂತ ತುಸು ಕಡಿಮೆ, ರೂತ್‌ರದು 8.7, ಒಂಬತ್ತು ಪಟ್ಟಿಗೂ ಹೆಚ್ಚು. ಈಗ 1998ಕ್ಕೆ ಬನ್ನಿ. ಅದೇ ಲೀಗ್‌ನ ಸರಾಸರಿ ನೂರಕ್ಕೆ ಸುಮಾರು 2.8 ಆಗಿತ್ತು. ರೂತ್ ಇಲ್ಲಿಯೂ ಸರಾಸರಿಯ ಒಂಬತ್ತು ಪಟ್ಟು ಹೊಡೆಯುತ್ತಾರೆ ಎಂದುಕೊಂಡರೆ ನೂರಕ್ಕೆ ಇಪ್ಪತ್ತೈದು, ವರ್ಷಕ್ಕೆ 170ಕ್ಕೂ ಹೆಚ್ಚು ಹೋಮ್ ರನ್! ಇವತ್ತಿಗೂ ಒಂದು ವರ್ಷದ ದಾಖಲೆ 2001ರಲ್ಲಿ ಬ್ಯಾರಿ ಬಾಂಡ್ಸ್ ಹೊಡೆದ 73. ಸರಳ ಅನುಪಾತದ ಬದಲು ಸಂಖ್ಯಾಶಾಸ್ತ್ರಜ್ಞರು ಮೆಚ್ಚುವ ಆಗುವ ಸಂಭವಕ್ಕೂ ಆಗದಿರುವ ಸಂಭವಕ್ಕೂ ಇರುವ ಅನುಪಾತವನ್ನು ಬಳಸಿದರೂ ಉತ್ತರ 150ರ ಮೇಲೆಯೇ ನಿಲ್ಲುತ್ತದೆ.

ಸೂತ್ರ ಇಲ್ಲಿ ಎಡವಿದ್ದೇಕೆ ಎಂಬುದನ್ನು ನೋಡಿದರೆ ಆಟದ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ. 1920ಕ್ಕಿಂತ ಮೊದಲು ಮಾಸಿದ, ಮೆತ್ತಗಾದ ಚೆಂಡನ್ನೇ ಬಹಳ ಹೊತ್ತು ಬಳಸುತ್ತಿದ್ದರು. ಪಿಚರ್‌ಗಳು ಅದಕ್ಕೆ ಉಗುಳು ಹಚ್ಚುವುದೂ ಇತ್ತು. 1920ರಲ್ಲಿ ಉಗುಳಿನ ಚೆಂಡನ್ನು ನಿಷೇಧಿಸಲಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಬ್ಯಾಟರ್ ರೇ ಚಾಪ್‌ಮನ್ ತಲೆಗೆ ಚೆಂಡು ಬಡಿದು ಸತ್ತ ಮೇಲೆ, ಕಣ್ಣಿಗೆ ಚೆನ್ನಾಗಿ ಕಾಣುವ ಹೊಸ ಚೆಂಡುಗಳನ್ನು ಮೇಲಿಂದ ಮೇಲೆ ಕೊಡತೊಡಗಿದರು. ಆದರೆ ಹಳೆಯ ಚೆಂಡಿಗೆ ಒಗ್ಗಿದ್ದ ಬಹುಪಾಲು ಬ್ಯಾಟರ್‌ಗಳು ಬ್ಯಾಟನ್ನು ಮೇಲಕ್ಕೆ ಹಿಡಿದು ತಟ್ಟಿ ಓಡುವ ಅಭ್ಯಾಸವನ್ನು ಬಿಟ್ಟಿರಲಿಲ್ಲ. ಬೇಲಿಯಾಚೆ ಹೊಡೆಯುವುದನ್ನೇ ಗುರಿಯಾಗಿಟ್ಟುಕೊಂಡವರು ರೂತ್ ಮತ್ತು ಬೆರಳೆಣಿಕೆಯ ಮಂದಿ. ಹಾಗಾಗಿ 1927ರ ಲೀಗ್ ಸರಾಸರಿ ಸಾಮರ್ಥ್ಯದ ಅಳತೆಯಲ್ಲ, ಅರ್ಧದಷ್ಟು ಅಭಿರುಚಿಯ ಅಳತೆ. 1998ರಲ್ಲಿ ಎಲ್ಲರೂ ರೂತ್‌ರ ಹಾದಿಯಲ್ಲೇ ನಡೆಯುತ್ತಿದ್ದರು. ಎಲ್ಲರೂ ಓಡುತ್ತಿರುವ ಓಟದಲ್ಲಿ ಒಂಬತ್ತು ಪಟ್ಟು ಮುಂದಿರುವುದು ಯಾರಿಂದಲೂ ಆಗದು. ಸೋಜಿಗವೆಂದರೆ, 114 ಪಂದ್ಯ ಗೆದ್ದ 1998ರ ಯಾಂಕೀಸ್‌ನಲ್ಲಿ 30 ಹೋಮ್ ರನ್ ಹೊಡೆದವರು ಒಬ್ಬರೂ ಇರಲಿಲ್ಲ. ಟೀನೊ ಮಾರ್ಟಿನೆಜ್‌ರ 28 ಆ ತಂಡದ ಅತಿ ಹೆಚ್ಚು.

ಸ್ಟ್ರೈಕ್‌ಔಟ್ ವಿಷಯದಲ್ಲಿ ಅದೇ ವಿಧಾನ ನಂಬಲರ್ಹ ಉತ್ತರ ಕೊಡುತ್ತದೆ. ಚೆಂಡು ತಾಗಿಸಲಾಗದೆ ಔಟಾಗುವುದು 1927ರಲ್ಲಿ ಪಂದ್ಯವೊಂದಕ್ಕೆ ತಂಡಕ್ಕೆ ಮೂರು ಸಲಕ್ಕಿಂತ ಕಡಿಮೆ, 1998ರಲ್ಲಿ ಆರೂವರೆಯ ಹತ್ತಿರ. ರೂತ್ ಆ ವರ್ಷ 89 ಸಲ ಹೀಗೆ ಔಟಾದರು, ಎಂದರೆ ಶೇಕಡಾ 13. ಪರಿವರ್ತಿಸಿದರೆ 1998ರಲ್ಲಿ ಶೇಕಡಾ 28ರ ಸುತ್ತಮುತ್ತ. ಬಲವಾಗಿ ಬೀಸುವ ಇಂದಿನ ಎಷ್ಟೋ ಆಟಗಾರರ ಪ್ರಮಾಣ ಇದೇ ಆಗಿರುವುದರಿಂದ ಇದನ್ನು ನಂಬಲು ಅಡ್ಡಿಯಿಲ್ಲ ಎಂದು ನನ್ನ ಎಣಿಕೆ.

ಸರಾಸರಿಯ ಜೊತೆಗೆ ಹರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದನ್ನು ಮನದಟ್ಟು ಮಾಡಿದವರು ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್. 1941ರಲ್ಲಿ ಟೆಡ್ ವಿಲಿಯಮ್ಸ್ 0.406 ಸರಾಸರಿ (ಲೆಕ್ಕಕ್ಕೆ ಸೇರುವ ಬ್ಯಾಟಿಂಗ್ ಸರದಿಗಳಲ್ಲಿ ಬೇಸ್ ತಲುಪಿಸಿದ ಹೊಡೆತಗಳ ಪಾಲು) ಗಳಿಸಿದ ಮೇಲೆ ಅಮೆರಿಕನ್, ನ್ಯಾಷನಲ್ ಎಂಬ ಎರಡು ಮೇಜರ್ ಲೀಗ್‌ಗಳ ಇಡೀ ಋತುವಿನಲ್ಲಿ ಯಾರೂ 0.400 ಮುಟ್ಟಿಲ್ಲ. ಬ್ಯಾಟರ್‌ಗಳು ಸೊರಗಿದ್ದಾರೆ ಎಂಬುದು ರೂಢಿಯ ವಿವರಣೆ. ಗೌಲ್ಡ್ ಅದನ್ನು ತಲೆಕೆಳಗು ಮಾಡಿದರು: ಲೀಗ್‌ನ ಸರಾಸರಿ 0.260ರ ಸುತ್ತಲೇ ಇದೆ, ಆದರೆ ಆಟಗಾರರ ನಡುವಿನ ಹರವನ್ನು ಅಳೆಯುವ ಮಾನಕ ವಿಚಲನೆ ದಶಕದಿಂದ ದಶಕಕ್ಕೆ ಕುಗ್ಗಿದೆ. ಎಲ್ಲರೂ ಮಾನವ ಸಾಮರ್ಥ್ಯದ ಗೋಡೆಯ ಹತ್ತಿರ ಬಂದಂತೆಲ್ಲ ದುರ್ಬಲರು ಇಲ್ಲವಾಗುತ್ತಾರೆ, ಜೊತೆಗೆ ಗುಂಪಿಗಿಂತ ಬಹಳ ಮೇಲೆ ಕಾಣುವವರೂ ಇಲ್ಲವಾಗುತ್ತಾರೆ. ಈ ನೋಟದಿಂದ 1927ರ ಯಾಂಕೀಸ್‌ನ 110 ಗೆಲುವುಗಳಲ್ಲಿ ಒಂದು ಪಾಲು ಅವರ ಬಲದ್ದು, ಇನ್ನೊಂದು ಪಾಲು ಎದುರಾಳಿಗಳ ನಡುವಿನ ಏರುಪೇರಿನದು.

ಹಾಗಾದರೆ ಎರಡು ಕಾಲಗಳ ನಡುವಿನ ವಿನಿಮಯ ದರವನ್ನು ಕಂಡುಹಿಡಿಯುವುದು ಹೇಗೆ? ಬೇಸ್‌ಬಾಲ್ ಅಂಕಿಅಂಶಗಳ ಸಂಶೋಧಕ ರಿಚರ್ಡ್ ಕ್ರೇಮರ್ 1980ರಲ್ಲಿ ಒಂದು ದಾರಿ ತೋರಿಸಿದರು. ರೂತ್ ಮತ್ತು ಜೀಟರ್ ಎದುರಾಗಲಿಲ್ಲ ನಿಜ. ಆದರೆ ಪ್ರತಿ ವರ್ಷದ ಆಟಗಾರರಲ್ಲಿ ಬಹುಪಾಲು ಮಂದಿ ಮರುವರ್ಷವೂ ಆಡುತ್ತಾರೆ. ಅದೇ ಜನರ ಸರಾಸರಿ ಮರುವರ್ಷ ಲೀಗ್‌ಗೆ ಹೋಲಿಸಿದಾಗ ಇಳಿದಿದ್ದರೆ ಲೀಗ್ ಗಟ್ಟಿಯಾಗಿದೆ ಎಂದರ್ಥ. ಹೀಗೆ ವರ್ಷಕ್ಕೆ ವರ್ಷ ಕೊಂಡಿ ಹಾಕುತ್ತಾ ಹೋದರೆ ಶತಮಾನದುದ್ದದ ಸರಪಳಿ ಸಿಗುತ್ತದೆ; ಅದು ಲೀಗ್‌ನ ಮಟ್ಟ ಒಟ್ಟಾರೆ ಏರಿದೆ ಎನ್ನುತ್ತದೆ. ವಯಸ್ಸಾದಂತೆ ಆಟಗಾರ ಕುಂದುವುದೂ ಇದರೊಳಗೆ ಬೆರೆತುಬಿಡುವುದರಿಂದ ಪ್ರತಿ ಕೊಂಡಿಯಲ್ಲೂ ಸಣ್ಣ ತಪ್ಪು ನುಸುಳುತ್ತದೆ, ಎಪ್ಪತ್ತು ಕೊಂಡಿಗಳಾಚೆ ಅದು ಸಣ್ಣದಾಗಿ ಉಳಿಯುವುದಿಲ್ಲ. ಇನ್ನೊಂದು ಅಳತೆಗೋಲು ನನಗೆ ಹೆಚ್ಚು ಇಷ್ಟ: ಪಿಚರ್‌ಗಳ ಬ್ಯಾಟಿಂಗ್. ಅವರನ್ನು ಬ್ಯಾಟಿಂಗ್ ನೋಡಿ ಯಾರೂ ಆರಿಸುವುದಿಲ್ಲ. ಆದ್ದರಿಂದ ಅವರು ಹೆಚ್ಚುಕಡಿಮೆ ಬದಲಾಗದ ಹವ್ಯಾಸಿಗಳು. 1920ರ ದಶಕದಲ್ಲಿ ಅವರ ಸರಾಸರಿ 0.200ರ ಆಸುಪಾಸಿನಲ್ಲಿತ್ತು, ಅವರು ನಿಯತವಾಗಿ ಬ್ಯಾಟ್ ಹಿಡಿದ ಕೊನೆಯ ವರ್ಷವಾದ 2021ರಲ್ಲಿ 0.110ರ ಹತ್ತಿರಕ್ಕೆ ಕುಸಿದಿತ್ತು. ಹವ್ಯಾಸಿ ನಿಂತಲ್ಲೇ ನಿಂತಿದ್ದಾನೆ, ಎದುರಿನವರು ದೂರ ಸಾಗಿದ್ದಾರೆ. ವೃತ್ತಿಜೀವನವನ್ನು ಪಿಚರ್ ಆಗಿಯೇ ಆರಂಭಿಸಿದ ರೂತ್ ಈ ನಿಯಮಕ್ಕೆ ಅತಿ ದೊಡ್ಡ ಅಪವಾದ ಎಂಬುದು ಬೇರೆ ಮಾತು.

ಈ ದರವನ್ನು ಎಷ್ಟೆಂದು ಇಡುತ್ತೀರಿ ಎಂಬುದರ ಮೇಲೆ ಪಂದ್ಯದ ಫಲಿತಾಂಶ ನಿಂತಿದೆ. ಮೈದಾನ, ನಿಯಮಗಳದು ಆಮೇಲಿನ ಮಾತು. ಅವೂ ಇವೆಯೆನ್ನಿ: 1927ರ ಯಾಂಕೀ ಸ್ಟೇಡಿಯಂನ ನಡುಬೇಲಿ 490 ಅಡಿ ದೂರದಲ್ಲಿತ್ತು, 1998ರಲ್ಲಿ 408 ಅಡಿ. 1927ರ ಪಿಚರ್ ತಾನೇ ಬ್ಯಾಟ್ ಮಾಡಬೇಕಿತ್ತು; 1973ರಿಂದ ಅಮೆರಿಕನ್ ಲೀಗ್‌ನಲ್ಲಿ ಅವನ ಬದಲು ಬೇರೊಬ್ಬ ಬ್ಯಾಟರ್ ಬರುತ್ತಾನೆ. ಹಳೆಯ ತಂಡ ಅರ್ಧಕ್ಕಿಂತ ಹೆಚ್ಚು ಪಂದ್ಯಗಳನ್ನು ಒಬ್ಬನೇ ಪಿಚರ್‌ನಿಂದ ಮುಗಿಸುತ್ತಿತ್ತು, ಹೊಸದು ಕೊನೆಯ ಇನಿಂಗ್ಸ್‌ಗೆಂದೇ ರಿವೆರಾರನ್ನು ಇಟ್ಟುಕೊಂಡಿತ್ತು. ಇವನ್ನೆಲ್ಲ ತಂತ್ರಾಂಶದಲ್ಲಿ ಹೇಗೋ ಹೊಂದಿಸಬಹುದು.

ಹೊಂದಿಸಲು ಕಷ್ಟವಾದದ್ದು ಇನ್ನೊಂದಿದೆ. 1927ರ ಲೀಗ್ ಸರಾಸರಿ ಬಿಳಿಯರಿಗಷ್ಟೇ ಬಾಗಿಲು ತೆರೆದಿದ್ದ ಲೀಗ್‌ನ ಸರಾಸರಿ. ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಆ ಬಾಗಿಲನ್ನು ದಾಟಿದ್ದು 1947ರ ಏಪ್ರಿಲ್ 15ರಂದು; ಅದಕ್ಕೆ ಮೂರು ತಿಂಗಳ ಹಿಂದೆ, ಒಂದೇ ಒಂದು ಮೇಜರ್ ಲೀಗ್ ಪಂದ್ಯವಾಡದೆ, ಇನ್ನೊಬ್ಬ ಕಪ್ಪು ಆಟಗಾರ ಜಾಶ್ ಗಿಬ್ಸನ್ ತೀರಿಕೊಂಡಿದ್ದರು. ಕಪ್ಪು ಆಟಗಾರರ ನೀಗ್ರೊ ಲೀಗ್‌ಗಳಿಗೆ 2020ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಸ್ಥಾನ ದೊರೆತು, 2024ರಲ್ಲಿ ಅವುಗಳ ಅಂಕಿಅಂಶ ಅಧಿಕೃತ ದಾಖಲೆಗೆ ಸೇರಿದಾಗ, ಗಿಬ್ಸನ್‌ರ 0.372 ಸರಾಸರಿ ಟೈ ಕಾಬ್‌ರ 0.367ನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೆ ಬಂದಿತು. ಈಗ ಗಿಬ್ಸನ್ ಇದ್ದ 1943ರ ಹೋಮ್‌ಸ್ಟೆಡ್ ಗ್ರೇಸ್ ತಂಡವನ್ನು 1927ರ ಯಾಂಕೀಸ್ ಎದುರು ಆಡಿಸಬಹುದು. ಆ ವರ್ಷ ಗಿಬ್ಸನ್‌ರ ಸರಾಸರಿ 0.466. ಆದರೆ ದಾಖಲೆ ಉಳಿದಿರುವ ಪಂದ್ಯಗಳು ನೂರಕ್ಕಿಂತ ಕಡಿಮೆ, ಪಂದ್ಯ ಕಡಿಮೆಯಾದಷ್ಟೂ ಅಂಕಿಯಲ್ಲಿ ಅದೃಷ್ಟದ ಪಾಲು ಹೆಚ್ಚು. ಹಾಗಾಗಿ ತಂತ್ರಾಂಶ ಬರೆಯುವವರು ಅದನ್ನು ಲೀಗ್ ಸರಾಸರಿಯ ಕಡೆಗೆ ಕೊಂಚ ಎಳೆಯಲೇಬೇಕು. ರೂತ್‌ರ ಅಂಕಿಯನ್ನೂ ಎಳೆಯಬೇಕು, ಅವರೆದುರು ಎಂದೂ ಚೆಂಡೆಸೆಯಲು ಬಿಡದಿದ್ದ ಪಿಚರ್‌ಗಳ ಲೆಕ್ಕದಲ್ಲಿ. ಯಾರನ್ನು ಎಷ್ಟು ಎಳೆಯಬೇಕು ಎಂಬುದನ್ನು ಯಂತ್ರ ಹೇಳುವುದಿಲ್ಲ. ಪಂದ್ಯ ಶುರುವಾಗುವ ಮೊದಲೇ ಆ ಸಂಖ್ಯೆಯನ್ನು ಯಾರೋ ಒಬ್ಬರು ಕೀಲಿಮಣೆಯಲ್ಲಿ ಒತ್ತಿರುತ್ತಾರೆ.