ಮಾಸ್ಕ್ ಬಿಗಿಯಾಗಿಯೇ ಇರುತ್ತದೆ, ಮೊದಲೇ ಹೇಳಿಬಿಡಿ

ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ರೇಡಿಯೇಷನ್ ಶುರುವಾಗುವ ಮುನ್ನ ಎಷ್ಟು ವಾರ, ಯಾವ ಅಡ್ಡಪರಿಣಾಮ ಎಂಬುದನ್ನೆಲ್ಲ ರೋಗಿಗೆ ಹೇಳಿರುತ್ತಾರೆ. ಆದರೆ ಹಿಂದಿನ ರಾತ್ರಿ ನಿದ್ದೆಗೆಡಿಸುವ ಪ್ರಶ್ನೆಗಳೇ ಬೇರೆ. ನೋಯುತ್ತದಾ? ಉಸಿರು ಕಟ್ಟಿದರೆ? ‘ಕರೆಂಟ್ ಕೊಡುತ್ತಾರೆ’ ಎಂಬ ಆಡುಮಾತು ಕಿವಿಗೆ ಬಿದ್ದಿದ್ದರಂತೂ ಶಾಕ್ ಹೊಡೆದೀತೆಂಬ ಭಯ.

1970ರ ದಶಕದಲ್ಲಿ ಜೀನ್ ಜಾನ್ಸನ್ ಎಂಬ ನರ್ಸಿಂಗ್ ಸಂಶೋಧಕಿ ಇಂಥ ಭಯವನ್ನೇ ಅಧ್ಯಯನ ಮಾಡಿದರು. ಮೂಳೆ ಮುರಿದು ಹಾಕಿದ್ದ ಪ್ಲಾಸ್ಟರನ್ನು ಗರಗಸದಿಂದ ಬಿಚ್ಚಿಸಿಕೊಳ್ಳಬೇಕಿದ್ದ ಕೆಲವು ಮಕ್ಕಳಿಗೆ ಆ ಗರಗಸದ ಸದ್ದನ್ನು ಮೊದಲೇ ಕೇಳಿಸಿ, ಮೈಗೆ ಏನೇನು ಅನ್ನಿಸುತ್ತದೆ ಎಂದು ತಿಳಿಸಲಾಯಿತು. ಏನೂ ತಿಳಿಸದ ಮಕ್ಕಳಿಗಿಂತ ಇವರ ಗಾಬರಿ ಕಡಿಮೆಯಿತ್ತು. ಯಂತ್ರ ಏನು ಮಾಡುತ್ತದೆ ಎಂಬುದರ ಜೊತೆಗೆ ಮೈಗೆ ಏನು ಅನ್ನಿಸುತ್ತದೆ ಎಂಬುದನ್ನೂ ಹೇಳಬೇಕು.

ಚಿಕಿತ್ಸೆಯ ಹೊತ್ತಿಗೆ ತಲೆ ಅಲುಗದಂತೆ ಮುಖಕ್ಕೆ ಹಾಕುವ ಮಾಸ್ಕ್‌ನ ವಿಷಯವನ್ನೇ ನೋಡಿ. ತೂತುತೂತಾದ ಪ್ಲಾಸ್ಟಿಕ್ ಹಾಳೆಯನ್ನು ಸುಮಾರು 65–70 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ನೀರು ಒರೆಸಿ, ತುಸು ಆರಿದ ಮೇಲೆ ಮುಖಕ್ಕೆ ಎಳೆದು ಕೂರಿಸುತ್ತಾರೆ. ಮೊದಲಿಗೆ ಬೆಚ್ಚಗಿನ ಒದ್ದೆ ಟವೆಲ್ ಹೊದಿಸಿದಂತಿರುತ್ತದೆ. ಮೂಗು, ಗಲ್ಲದ ಸುತ್ತ ಬೆರಳುಗಳು ಒತ್ತುತ್ತವೆ. ಕೆಲವು ನಿಮಿಷಗಳಲ್ಲಿ ಆರುತ್ತಾ ಸ್ವಲ್ಪ ಕುಗ್ಗುತ್ತದೆ, ಬಿಗಿ ಹೆಚ್ಚುತ್ತದೆ. ಇದನ್ನು ಹೇಳದೇ ಇದ್ದರೆ ‘ಏನೋ ಎಡವಟ್ಟಾಗಿದೆ’ ಎಂದು ರೋಗಿ ಬೆದರುವುದು ಇಲ್ಲೇ. ಕೆಲವೇ ಮಿಲಿಮೀಟರ್ ಅಲುಗಿದರೂ ಕಿರಣ ಬೆನ್ನುಹುರಿಗೋ ಜೊಲ್ಲು ಗ್ರಂಥಿಗೋ ಹೆಚ್ಚು ಬೀಳಬಹುದು, ಅದಕ್ಕಾಗಿಯೇ ಈ ಬಿಗಿ. ತೂತುಗಳಿರುವುದರಿಂದ ಉಸಿರಾಟಕ್ಕೆ ತೊಂದರೆಯಿಲ್ಲ, ಮಾತಾಡಲು ಮಾತ್ರ ಕಷ್ಟ. ಹಾಗಾಗಿ ಕೈ ಎತ್ತಿದರೆ ಯಂತ್ರ ನಿಲ್ಲಿಸುತ್ತಾರೆಂದು ಮೊದಲೇ ಗೊತ್ತುಮಾಡಿಕೊಂಡು, ಒಮ್ಮೆ ಎತ್ತಿ ತೋರಿಸುವುದು ಒಳ್ಳೆಯದು. ಗಡ್ಡ ತೆಗೆಯುವುದಿದ್ದರೆ ಮಾಸ್ಕ್ ಮಾಡಿಸುವ ಮುನ್ನವೇ ತೆಗೆಯಬೇಕು. ನಡುವೆ ತೂಕ ಇಳಿದು ಮಾಸ್ಕ್ ಸಡಿಲವಾದರೆ ಹೊಸದು ಮಾಡುತ್ತಾರೆ, ಅದು ಕಾಯಿಲೆ ಹೆಚ್ಚಾದ ಸೂಚನೆಯಲ್ಲ.

ಚಿಕಿತ್ಸೆಯ ಹೊತ್ತಿಗೆ ಸಿಬ್ಬಂದಿಯೆಲ್ಲ ಹೊರಗೆ ಹೋಗಿ ಬಾಗಿಲು ಮುಚ್ಚುತ್ತಾರೆ. ‘ಅವರೇ ಓಡಿಹೋಗುವಷ್ಟು ಅಪಾಯವೇ?’ ಎಂದು ಅನ್ನಿಸುವುದು ಸಹಜ. ರೋಗಿಗೆ ಸಿಗುವುದು ಲೆಕ್ಕಹಾಕಿದ ಡೋಸ್. ಸಿಬ್ಬಂದಿ ಒಳಗೇ ನಿಂತರೆ ದಿನವಿಡೀ, ವರ್ಷಗಟ್ಟಲೆ ಬೇಡದ ಕಿರಣ ಅವರ ಮೈಗೆ ಸೇರುತ್ತಾ ಹೋಗುತ್ತದೆ. ಹೊರಗಿದ್ದರೂ ಅವರ ಕಣ್ಣು ಕ್ಯಾಮೆರಾ ಮೇಲೆಯೇ ಇರುತ್ತದೆ, ಮೈಕ್‌ನಲ್ಲಿ ಮಾತೂ ಕೇಳಿಸುತ್ತದೆ. ಯಂತ್ರ ಸುತ್ತ ತಿರುಗುತ್ತದೆ, ಗುಂಯ್‌ಗುಡುತ್ತದೆ, ಮೈಗೆ ತಾಗುವುದಿಲ್ಲ. ಕಿರಣ ಬೀಳುವಾಗ ನೋವಿಲ್ಲ. ಕಣ್ಣಿನ ಹತ್ತಿರ ಕಿರಣ ಹಾಯುವಾಗ ಕೆಲವರಿಗೆ ರೆಪ್ಪೆ ಮುಚ್ಚಿದ್ದರೂ ನೀಲಿ ಬೆಳಕು ಮಿಂಚಿದಂತಾಗುತ್ತದೆ, ಗೊತ್ತಿದ್ದರೆ ಗಾಬರಿಯಾಗುವುದಿಲ್ಲ. ಹೊರಗಿನಿಂದ ಕೊಡುವ ಈ ಚಿಕಿತ್ಸೆಯಿಂದ ದೇಹದಲ್ಲಿ ವಿಕಿರಣ ಉಳಿಯದು. ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳಬಹುದು. ಬಾಯಿಹುಣ್ಣು, ಚರ್ಮದ ಉರಿ ಸಾಮಾನ್ಯವಾಗಿ ಎರಡು-ಮೂರು ವಾರದ ನಂತರ ಬರುತ್ತವೆ, ಚಿಕಿತ್ಸೆ ಮುಗಿದ ಮೇಲೂ ಕೆಲವು ವಾರ ಕಾಡುತ್ತವೆ. ಇದನ್ನು ಮುಚ್ಚಿಡುವುದು ದಯೆಯಲ್ಲ.

ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದರೆ ನೆನಪಿನಲ್ಲಿ ಉಳಿಯುವುದು ಅಲ್ಪ, ‘ಕ್ಯಾನ್ಸರ್’ ಎಂಬ ಪದ ಕೇಳಿದ ಮನಸ್ಸಿಗೆ ಮುಂದಿನದು ಕೇಳಿಸುವುದೇ ಇಲ್ಲ. ಬರೆದುಕೊಡಿ, ಜೊತೆಗೆ ಬಂದವರನ್ನೂ ಕೂರಿಸಿಕೊಳ್ಳಿ. ‘ಅರ್ಥ ಆಯ್ತಾ’ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ, ‘ನಾಳೆ ಏನಾಗುತ್ತೆ ಅಂತ ಮನೆಯವರಿಗೆ ಹೇಗೆ ಹೇಳ್ತೀರಿ?’ ಎಂದು ಕೇಳಿ ನೋಡಿ. ಎಲ್ಲವನ್ನೂ ತಿಳಿಯಲು ಬಯಸದವರೂ ಇದ್ದಾರೆ, ‘ಎಷ್ಟು ಹೇಳಲಿ?’ ಎಂದು ಮೊದಲು ವಿಚಾರಿಸಿ. ಮುಚ್ಚಿದ ಜಾಗವೆಂದರೆ ಹೆದರುವವರು ಮುಂಚಿತವಾಗಿ ತಿಳಿಸಿದರೆ ಕೆಲವೆಡೆ ಮಾಸ್ಕ್‌ನ ಕಣ್ಣಿನ ಭಾಗ ಕತ್ತರಿಸಿ ಕೊಡುತ್ತಾರೆ, ಇಲ್ಲವೇ ವೈದ್ಯರು ಆತಂಕ ತಗ್ಗಿಸುವ ಮಾತ್ರೆ ಬರೆಯುತ್ತಾರೆ. ಮಾತ್ರೆ ನುಂಗಿದ ದಿನ ವಾಹನ ಓಡಿಸುವಂತಿಲ್ಲ.

ಇನ್ನೊಂದು ಸಣ್ಣ ಸಂಗತಿ: ಮಾಸ್ಕ್ ತೆಗೆದಾಗ ಕೆನ್ನೆ, ಹಣೆಯ ಮೇಲೆ ಜಾಳಿಗೆಯ ಅಚ್ಚು ಮೂಡಿರುತ್ತದೆ. ಅದು ಕಿರಣದ ಸುಟ್ಟಗಾಯವಲ್ಲ, ಬರೀ ಒತ್ತಿದ ಗುರುತು, ಸ್ವಲ್ಪ ಹೊತ್ತಿಗೆ ಅಳಿಸಿಹೋಗುತ್ತದೆ.