ಕೈ ಜಾರಿಲ್ಲ, ಆದ್ರೂ ಫೋನ್ ಸತ್ತಿದೆ

ಫೋನ್ ಸತ್ತರೆ ಕಲಬುರಗಿಯಲ್ಲಿ ಮೊದಲು ಬೈಗುಳ ತಿನ್ನುವುದು ಬಿಸಿಲು, ಆಮೇಲೆ ಅಪ್‌ಡೇಟ್. ಕೆಲವರು ಫೋನನ್ನು ಫ್ರಿಜ್ಜಿನಲ್ಲಿಟ್ಟು ಸರಿ ಮಾಡಲು ಹೋಗುತ್ತಾರೆ. ದಯವಿಟ್ಟು ಬೇಡ, ಒಳಗೆ ನೀರಿನ ಹನಿ ಕೂರುತ್ತದೆ. ಬಿಸಿಲಿನ ಪಾಲು ಇದೆ, ನಿಜ. ಆದರೆ ಎಷ್ಟೋ ಸಲ ಅಸಲಿ ರೋಗ ಬೆಸುಗೆಯದ್ದು.

ಪ್ರೊಸೆಸರ್ ಚಿಪ್ಪಿನ ಅಡಿಯಲ್ಲಿ ನೂರಾರು ಬೆಸುಗೆ ಗುಂಡುಗಳಿವೆ. ಚಿಪ್ಪನ್ನು ಬೋರ್ಡಿಗೆ ಹಿಡಿದಿಡುವುದೂ ಅವೇ, ಕರೆಂಟ್ ದಾಟಿಸುವುದೂ ಅವೇ. ಬಿಸಿಯಾದಾಗ ಚಿಪ್ಪಿನ ಸಿಲಿಕಾನ್ ಹಿಗ್ಗುವುದು ಬಹಳ ಕಡಿಮೆ. ಬೋರ್ಡ್ ಅದರ ಹಲವು ಪಟ್ಟು ಹಿಗ್ಗುತ್ತದೆ. ನಡುವೆ ಸಿಕ್ಕ ಗುಂಡಿನ ಪಾಡು ಕೇಳಬೇಡಿ! ಮೇ ತಿಂಗಳ 43 ಡಿಗ್ರಿಯಲ್ಲಿ ಬೈಕಿನ ಹ್ಯಾಂಡಲ್ ಮೇಲೆ, ಆಮೇಲೆ ಎಸಿ ರೂಮಿನಲ್ಲಿ, ರಾತ್ರಿ ಚಾರ್ಜಿಗೆ ಹಾಕಿಕೊಂಡೇ ಗೇಮು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಒಂದು ದಿನ ತುಂಡಾಗುತ್ತದೆ, ಅಲ್ವಾ? ಗುಂಡಿನಲ್ಲೂ ಹಾಗೇ ಕೂದಲೆಳೆಯಷ್ಟು ಬಿರುಕು ಬೀಳುತ್ತದೆ. ಕೆಲವು ಫೋನ್ ಒತ್ತಿ ಹಿಡಿದರೆ ಆನ್ ಆಗಿ, ಬಿಟ್ಟರೆ ಆಫ್ ಆಗುವುದು ಇದಕ್ಕೇ.

ಹಿಂದೆ ಬೆಸುಗೆ ಅಂದರೆ ತವರ, ಸೀಸ. 183 ಡಿಗ್ರಿಗೆ ಕರಗುತ್ತಿತ್ತು. 2006ರ ಜುಲೈ 1ರಿಂದ ಯುರೋಪ್ ಸೀಸಕ್ಕೆ ಕಡಿವಾಣ ಹಾಕಿತು. ಸೀಸ ವಿಷ, ಹೋಗಿದ್ದು ಒಳ್ಳೆಯದೇ. ಬದಲಿಗೆ ಬಂದ ತವರ, ಬೆಳ್ಳಿ, ತಾಮ್ರದ ಬೆರಕೆ ಕರಗಲು ಸುಮಾರು 217 ಡಿಗ್ರಿ ಬೇಕು. ಗಡಸು ಜಾಸ್ತಿ, ಬಿದ್ದಾಗ ಪೆಟ್ಟು ತಾಳುವುದು ಕಡಿಮೆ. ಲೋಹದ ಪಾಕ ಬದಲಾದರೆ ಗುಣವೂ ಬದಲು. ಸತುವಿಗೆ ಒಂದಿಷ್ಟೇ ತಾಮ್ರ ಬೆರೆಸುವ ಬೀದರಿನ ಬಿದ್ರಿ ಕೆಲಸದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

2016ರಲ್ಲಿ ಎಲ್‌ಜಿಯ ಜಿ4 ಫೋನ್‌ಗಳು ಆನ್ ಆಗ್ತಾ ಆಫ್ ಆಗ್ತಾ ಕೂತಾಗ, ಬಿಡಿಭಾಗಗಳ ಸಂಪರ್ಕ ಸಡಿಲ ಅಂತ ಕಂಪನಿ ಒಪ್ಪಿಕೊಂಡಿತು. ಅದೇ ವರ್ಷ ಐಫೋನ್ 6 ಪ್ಲಸ್‌ನ ಟಚ್ ಸತ್ತಾಗ ಆ್ಯಪಲ್ ಹೇಳಿದ್ದೇ ಬೇರೆ: ಗಟ್ಟಿ ನೆಲದ ಮೇಲೆ ಮತ್ತೆ ಮತ್ತೆ ಬೀಳಿಸಿದ್ದಕ್ಕೆ ಹೀಗಾಗಿದೆ, ರಿಪೇರಿಗೆ 149 ಡಾಲರ್. ಫೋನ್ ಬಗ್ಗಿದರೂ ಬೆಸುಗೆ ಬಿರುಕು ಬಿಡುತ್ತದೆ. 6 ಪ್ಲಸ್ ಬಗ್ಗುವ ಸಾಧ್ಯತೆ ಹಿಂದಿನ ಐಫೋನ್ 5ಎಸ್‌ಗಿಂತ 7.2 ಪಟ್ಟು ಜಾಸ್ತಿ ಅಂತ ಆ್ಯಪಲ್‌ಗೆ ಮೊದಲೇ ಗೊತ್ತಿತ್ತು ಎನ್ನುವುದು 2018ರಲ್ಲಿ ಕೋರ್ಟ್ ದಾಖಲೆಗಳಿಂದ ಹೊರಬಂತು. ‘ನೀವೇ ಬೀಳಿಸಿದ್ದೀರಿ’ ಎನ್ನುವ ಮಾತು ಎಷ್ಟು ಅನುಕೂಲ ನೋಡಿ.

ಸಾಮಾನ್ಯವಾಗಿ ಸರ್ವಿಸ್ ಸೆಂಟರ್‌ನಲ್ಲಿ ಬೆಸುಗೆ ಹಾಕುವುದಿಲ್ಲ, ಇಡೀ ಬೋರ್ಡ್ ಬದಲಿಸುತ್ತಾರೆ. ಬಿಲ್ ನೋಡಿದರೆ ಹೊಸ ಫೋನೇ ವಾಸಿ ಅನಿಸುತ್ತದೆ. ಗಲ್ಲಿಯ ರಿಪೇರಿ ಹುಡುಗ ಹಾಟ್ ಏರ್ ಗನ್ ಹಿಡಿದು, ಮೈಕ್ರೋಸ್ಕೋಪ್ ಕೆಳಗೆ ಆ ಗುಂಡುಗಳನ್ನೇ ಹೊಸದಾಗಿ ಕೂರಿಸುತ್ತಾನೆ. ನನ್ನ ಮಟ್ಟಿಗೆ ಇದೇ ನಿಜವಾದ ರಿಪೇರಿ. ಆದರೆ ವಾರಂಟಿ ಇರುವಾಗ ಅವನ ಹತ್ತಿರ ಹೋಗಬೇಡಿ. ಮೊದಲು ಸರ್ವಿಸ್ ಸೆಂಟರ್‌ನ ಜಾಬ್ ಶೀಟಿನಲ್ಲಿ ದೋಷ ಏನು ಅಂತ ಬರೆಸಿಕೊಳ್ಳಿ. ಒಪ್ಪದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ.