ಕಾರ್ಟರ್‌ಗೆ ಅಂಟಿದ ‘ದುರ್ಬಲ’ ಹಣೆಪಟ್ಟಿ

1980ರ ಅಕ್ಟೋಬರ್ 28ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ನಡೆದ ಟೀವಿ ಚರ್ಚೆಯ ಕೊನೆಗೆ ಅಮೆರಿಕದ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ರೊನಾಲ್ಡ್ ರೇಗನ್ ಮತದಾರರನ್ನು ಕೇಳಿದರು: ನಾಲ್ಕು ವರ್ಷದ ಹಿಂದಿಗಿಂತ ನಿಮ್ಮ ಬದುಕು ಹಸನಾಗಿದೆಯಾ? ಇದು ಎಲ್ಲರಿಗೂ ನೆನಪಿರುವ ಪ್ರಶ್ನೆ. ಇದರ ಬೆನ್ನಿಗೇ ಇನ್ನೊಂದಿತ್ತು. ಜಗತ್ತಿನಲ್ಲಿ ಅಮೆರಿಕಕ್ಕೆ ಮೊದಲಿನ ಮರ್ಯಾದೆ ಇದೆಯಾ, ನಮ್ಮ ಭದ್ರತೆ ಅಷ್ಟೇ ಗಟ್ಟಿಯಾಗಿದೆಯಾ? ವಾರ ಕಳೆಯುವಷ್ಟರಲ್ಲಿ ಆಗ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಸೋತಿದ್ದರು. 50ರಲ್ಲಿ 44 ರಾಜ್ಯಗಳು ರೇಗನ್ ಪಾಲಾದವು. 2024ರ ಡಿಸೆಂಬರ್‌ನಲ್ಲಿ ಕಾರ್ಟರ್ ನೂರು ತುಂಬಿ ತೀರಿಕೊಂಡಾಗಲೂ, ಅವರು ದುರ್ಬಲ ಅಧ್ಯಕ್ಷರೇ ಎಂಬ ಅದೇ ವಾದ ಮತ್ತೆ ಎದ್ದಿತು.

ಅವರ ಹೆಸರು ಕೆಟ್ಟದ್ದು ಇರಾನ್‌ನಿಂದ. 1977ರ ಡಿಸೆಂಬರ್ 31ರ ರಾತ್ರಿ ಟೆಹರಾನ್‌ನ ಔತಣದಲ್ಲಿ ಕಾರ್ಟರ್, ದೊರೆ ಷಾ ಆಳುವ ಇರಾನನ್ನು ಸ್ಥಿರತೆಯ ದ್ವೀಪ ಎಂದು ಹೊಗಳಿದ್ದರು. ಮರುದಿನ ದೆಹಲಿಗೆ ಬಂದರು. ಇಲ್ಲಿ ಅಣು ಇಂಧನದ ವಿಷಯಕ್ಕೆ ಮೊರಾರ್ಜಿ ದೇಸಾಯಿ ಅವರಿಗೊಂದು ಖಡಕ್ ಪತ್ರ ಬರೆಯಬೇಕು ಎಂದು ತಮ್ಮ ವಿದೇಶಾಂಗ ಕಾರ್ಯದರ್ಶಿ ಸೈರಸ್ ವ್ಯಾನ್ಸ್‌ಗೆ ಹೇಳಿದ್ದು ಮೈಕಿನಲ್ಲಿ ಸಿಕ್ಕಿಬಿತ್ತು. ಅದೇ ಪ್ರವಾಸದ ನೆನಪಿಗೆ ಹರಿಯಾಣದ ಹಳ್ಳಿಯೊಂದು ಕಾರ್ಟರ್‌ಪುರಿ ಆಯಿತು. ನಮ್ಮವರ ದೊಡ್ಡ ಮನಸ್ಸು, ಅಲ್ವಾ?

ಸ್ಥಿರತೆಯ ಆ ದ್ವೀಪ ಒಂದೇ ವರ್ಷದಲ್ಲಿ ಮುಳುಗಿತು. 1979ರ ಜನವರಿಯಲ್ಲಿ ಷಾ ದೇಶ ಬಿಟ್ಟರು. ಅಕ್ಟೋಬರ್‌ನಲ್ಲಿ ಅವರನ್ನು ಚಿಕಿತ್ಸೆಗೆಂದು ಅಮೆರಿಕಕ್ಕೆ ಬಿಟ್ಟುಕೊಂಡದ್ದು ಕಾರ್ಟರ್ ಅವರ ದೊಡ್ಡ ತಪ್ಪು. ಮೊದಲು ಅವರೇ ಹಿಂದೇಟು ಹಾಕಿದ್ದರು, ಆಮೇಲೆ ಒತ್ತಡಕ್ಕೆ ಮಣಿದರು. 1953ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಇರಾನ್ ಪ್ರಧಾನಿ ಮೊಸದ್ದೆಕ್ ಸರ್ಕಾರವನ್ನು ಉರುಳಿಸಿ ಷಾ ಕೈ ಬಲಪಡಿಸಿದ್ದನ್ನು ಇರಾನಿಗಳು ಮರೆತಿರಲಿಲ್ಲ. ನವೆಂಬರ್ 4ರಂದು ವಿದ್ಯಾರ್ಥಿಗಳು ಟೆಹರಾನ್‌ನ ಅಮೆರಿಕ ರಾಯಭಾರ ಕಚೇರಿಗೆ ನುಗ್ಗಿದರು. 52 ಮಂದಿ 444 ದಿನ ಒತ್ತೆಯಲ್ಲಿದ್ದರು.

ಅವರನ್ನು ಬಿಡಿಸಲು 1980ರ ಏಪ್ರಿಲ್‌ನಲ್ಲಿ ನಡೆಸಿದ ಸೇನಾ ಕಾರ್ಯಾಚರಣೆ ಗಾಯದ ಮೇಲೆ ಬರೆ ಎಳೆಯಿತು. ಎಂಟು ಹೆಲಿಕಾಪ್ಟರ್ ಹೊರಟವು. ಕನಿಷ್ಠ ಆರು ಬೇಕಿತ್ತು, ಮರುಭೂಮಿಯಲ್ಲಿ ಕೆಲಸಕ್ಕೆ ಉಳಿದದ್ದು ಐದು. ವಾಪಸ್ ಹೊರಡುವಾಗ ಒಂದು ಹೆಲಿಕಾಪ್ಟರ್ ಇಂಧನ ತುಂಬಿದ ವಿಮಾನಕ್ಕೆ ಬಡಿದು ಎಂಟು ಸೈನಿಕರು ಸತ್ತರು. ಈ ಸಾಹಸವನ್ನು ಮೊದಲಿಂದಲೂ ವಿರೋಧಿಸಿದ್ದ ವ್ಯಾನ್ಸ್ ರಾಜೀನಾಮೆ ಕೊಟ್ಟರು. ಒತ್ತೆಯಾಳುಗಳು ಬಿಡುಗಡೆಯಾದದ್ದು 1981ರ ಜನವರಿ 20ರಂದು, ರೇಗನ್ ಪ್ರಮಾಣವಚನ ಮುಗಿಸಿದ ಕೆಲವೇ ನಿಮಿಷಕ್ಕೆ. ಬಿಡುಗಡೆಯ ಮಾತುಕತೆ ಮುಗಿಸಿದ್ದು ಮಾತ್ರ ಕಾರ್ಟರ್ ತಂಡ.

ಕಾರ್ಟರ್ ಪರ ಮಾತಾಡುವವರು ಮೊದಲು ಎತ್ತುವುದು ಕ್ಯಾಂಪ್ ಡೇವಿಡ್. 1978ರ ಸೆಪ್ಟೆಂಬರ್‌ನಲ್ಲಿ ಅಲ್ಲಿ 13 ದಿನ ಕೂತು ಈಜಿಪ್ಟ್ ಅಧ್ಯಕ್ಷ ಸಾದಾತ್ ಮತ್ತು ಇಸ್ರೇಲ್ ಪ್ರಧಾನಿ ಬೆಗಿನ್ ಅವರನ್ನು ಶಾಂತಿಗೆ ಒಪ್ಪಿಸಿದರು. ಆಮೇಲೆ ಈಜಿಪ್ಟ್ ಮತ್ತು ಇಸ್ರೇಲ್ ಯುದ್ಧ ಮಾಡಿಲ್ಲ. ಪ್ಯಾಲೆಸ್ಟೀನ್ ಪ್ರಶ್ನೆ ಮಾತ್ರ ಅಲ್ಲೇ ಉಳಿಯಿತು. ಪನಾಮಾ ಕಾಲುವೆ ಬಿಟ್ಟುಕೊಡುವ ಒಪ್ಪಂದಗಳು ಸೆನೆಟ್‌ನಲ್ಲಿ 68–32ರಲ್ಲಿ ಪಾರಾದವು, ಬೇಕಿದ್ದ ಮೂರನೇ ಎರಡು ಬಹುಮತಕ್ಕಿಂತ ಒಂದೇ ಮತ ಜಾಸ್ತಿ.

ಇನ್ನು ‘ಮೆತ್ತನೆಯ ಮನುಷ್ಯ’ ಎಂಬ ಆರೋಪ. ಬಿ-1 ಬಾಂಬರ್ ಯೋಜನೆಯನ್ನು ಅವರು ಕೈಬಿಟ್ಟದ್ದು ನಿಜ. ಆದರೆ ಕ್ರೂಸ್ ಕ್ಷಿಪಣಿಗೂ ರಾಡಾರ್ ಕಣ್ಣಿಗೆ ಬೀಳದ ಸ್ಟೆಲ್ತ್ ವಿಮಾನಕ್ಕೂ ದುಡ್ಡು ಸುರಿದರು. ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ಬರುವ ಮೊದಲೇ, 1979ರ ಜುಲೈನಲ್ಲಿ, ಅಲ್ಲಿನ ಬಂಡುಕೋರರಿಗೆ ಗುಟ್ಟಾಗಿ ನೆರವು ಕೊಡಲು ಸಹಿ ಹಾಕಿದ್ದು ಅವರೇ. ಸೇನೆ ಬಂದಮೇಲೆ ರಷ್ಯಾಕ್ಕೆ ಧಾನ್ಯ ಮಾರಾಟ ನಿಲ್ಲಿಸಿದರು, ಮಾಸ್ಕೋ ಒಲಿಂಪಿಕ್ಸ್ ಬಹಿಷ್ಕರಿಸಿದರು. ಪಾಕಿಸ್ತಾನ, ಪಶ್ಚಿಮ ಜರ್ಮನಿ ಇಲ್ಲದ ಆ ಕ್ರೀಡಾಕೂಟದಲ್ಲೇ ಕೊಡಗಿನ ಎಂ.ಎಂ. ಸೋಮಯ್ಯ ಆಡಿದ ಭಾರತ ತಂಡ ಹಾಕಿ ಚಿನ್ನ ಗೆದ್ದಿತು. ರಷ್ಯನ್ನರು ಮಾತ್ರ ಅಫ್ಘಾನಿಸ್ತಾನದಿಂದ ಕದಲಲಿಲ್ಲ.

1980ರ ಜನವರಿಯಲ್ಲಿ, ಪರ್ಷಿಯನ್ ಕೊಲ್ಲಿಗೆ ಹೊರಗಿನವರು ಕೈ ಹಾಕಿದರೆ ಸೇನೆಯಿಂದಲೇ ಎದುರಿಸುತ್ತೇವೆ ಎಂದು ಕಾರ್ಟರ್ ಘೋಷಿಸಿದರು. ಅದಕ್ಕಾಗಿ ಕಟ್ಟಿದ ಪಡೆಯೇ 1983ರಲ್ಲಿ ಅಮೆರಿಕ ಸೇನೆಯ ಸೆಂಟ್ರಲ್ ಕಮಾಂಡ್ ಆಯಿತು. ಮುಂದೆ 1991ರಲ್ಲಿ, ಮತ್ತೆ 2003ರಲ್ಲಿ ಇರಾಕ್ ಮೇಲೆ ಯುದ್ಧ ನಡೆಸಿದ್ದು ಇದೇ ಕಮಾಂಡ್. ಹಾಗಾಗಿ ಇತ್ತೀಚಿನ ಟೀಕಾಕಾರರಲ್ಲಿ ಕೆಲವರ ದೂರು ಕಾರ್ಟರ್ ಮೆತ್ತಗಿದ್ದರು ಎಂದಲ್ಲ, ಅಮೆರಿಕವನ್ನು ಕೊಲ್ಲಿಗೆ ಕಟ್ಟಿಹಾಕಿದ್ದೇ ಅವರು ಎಂದು.